ಎರಡು ಬೆರಳಿನ ತಗ್ಗು

ದೂರದ ಪ್ರಯಾಣದ ದೊಡ್ಡ ಬೈಕ್ ಕೊಂಡಮೇಲೆ ಗುಮಾಸ್ತನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಎಂದು ಬೀದಿಯವರು ಆಡಿಕೊಂಡರು. ಅವರು ಹೇಳಿದ್ದು ಅವನ ಜಂಬದ ಬಗ್ಗೆ. ಪಾಪ, ಅವನ ಪಾಲಿಗೆ ಅದು ಅಕ್ಷರಶಃ ನಿಜ. ಸೀಟಿನ ಮೇಲೆ ಕೂತರೆ ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಬೆಳಿಗ್ಗೆ ಸವಾರರ ತಂಡದ ಕ್ಯಾಪ್ಟನ್ ಫೋನು ಮಾಡಿದ. "ಸಂಜೆ ಬಂದು ನೋಡ್ತೀನಿ. ಎರಡೂ ಪಾದ ನೆಲ ಮುಟ್ಟಿದ್ರೆ ನಾಳೆ ನಮ್ಮ ಜೊತೆ ಸಮುದ್ರಕ್ಕೆ, ನಾಲ್ಕು ದಿನದ ಸವಾರಿ. ಇಲ್ದಿದ್ರೆ ನೀವು ಮನೇಲೇ ಇರಿ."

ಮನೆಯಲ್ಲೇ ಇರುವುದೆಂದರೆ ಮಾವನ ಜೊತೆ ಇರುವುದು. ಅಳಿಯ ಹಲ್ಲುಜ್ಜಿದರೂ ಸಲಹೆ ಕೊಡದೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಆ ಧ್ವನಿಯಿಲ್ಲದ ನಾಲ್ಕು ದಿನಕ್ಕಾಗಿಯೇ ಅವನು ಬೈಕ್ ಕೊಂಡದ್ದು.

ಪಕ್ಕದ ಮನೆಯ ಟೈಲರ್ ಕತ್ತರಿ ಹಿಡಿದೇ ಬಂದ. "ಸೀಟಿನ ಸ್ಪಂಜು ಕತ್ತರಿಸಿಬಿಡೋಣ."

"ಆಮೇಲೆ ಹಲಗೆ ಮೇಲೆ ಕೂತು ಹೋಗ್ಲಾ?"

ಮಹಡಿ ಮನೆಯ ಮೇಷ್ಟ್ರು ದಪ್ಪ ಅಟ್ಟೆಯ ಬೂಟು ಹಾಕಿಕೊಳ್ಳಿ ಎಂದರು. ಹೆಂಡತಿ ಬಾಗಿಲಲ್ಲೇ ನಿಂತು, "ನಿಮ್ಮ ಕಾಲು ಎಷ್ಟುದ್ದ ಅಂತ ಕೊಳ್ಳೋ ಮುಂಚೆ ಗೊತ್ತಿರ್ಲಿಲ್ವಾ?" ಎಂದಳು.

ಮೆಕ್ಯಾನಿಕ್ ಒಬ್ಬನೇ ಧೈರ್ಯ ಹೇಳಿದ. "ಸ್ಪ್ರಿಂಗ್ ಮುಟ್ಟಲ್ಲ ಸಾರ್. ಅದನ್ನ ಹಿಡಿದಿರೋ ಕೆಳಗಿನ ಕಬ್ಬಿಣದ ಪಟ್ಟಿ ಬದಲಾಯಿಸ್ತೀನಿ. ಹಿಂದೆ ಎರಡು ಬೆರಳು ತಗ್ಗುತ್ತೆ, ಮುಂದೆಯೂ ಅಷ್ಟೇ ಇಳಿಸ್ತೀನಿ. ಕೂತ್ರೆ ಮೊದಲಿನ ಹಾಗೇ ಮೆತ್ತಗಿರುತ್ತೆ."

ಮಧ್ಯಾಹ್ನದೊಳಗೆ ಅವನ ಎರಡೂ ಪಾದ ಸಲೀಸಾಗಿ ನೆಲಕ್ಕೆ ಊರಿದವು. ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದರೆ, ಗಾಡಿ ನಿಲ್ಲಿಸುವಷ್ಟರಲ್ಲಿ ಮಾವ ಹಿಂದೆ ಹತ್ತಿ ಕೂತರು. "ಒಂದು ಸುತ್ತು ಹೊಡೀರಿ, ಹೇಗಿದೆ ನೋಡಿ ಹೇಳ್ತೀನಿ."

ಬೀದಿಯ ಹಳ್ಳ, ಉಬ್ಬು ಎಲ್ಲವನ್ನೂ ಹತ್ತಿಳಿದರೂ ಮಾವನ ಮಾತು ಒಮ್ಮೆಯೂ ತುಂಡಾಗಲಿಲ್ಲ. ಗಾಡಿ ಅಷ್ಟು ಮೆತ್ತಗೆ ಸಾಗಿತು.

"ಹಳೇ ಸ್ಕೂಟರ್ ಮೇಲೆ ಮಾತಿಗೊಂದು ಸಲ ನಾಲಿಗೆ ಕಚ್ಕೋತಿದ್ದೆ. ಇದು ಬಹಳ ಸೊಗಸಾಗಿದೆ ಅಳಿಯಂದ್ರೇ. ನಾಳೆ ನಾನೂ ಬರ್ತೀನಿ!"

ಅಳಿಯ ತಟ್ಟನೆ ಒಂದು ನೆಪ ಹುಡುಕಿದ. "ಅಯ್ಯೋ ಮಾವ, ತಗ್ಗಿಸಿಬಿಟ್ಟಿದೀನಲ್ಲ! ಅಷ್ಟು ದೂರ ಇಬ್ಬರು ಕೂತ್ರೆ ಅಡಿಭಾಗ ನೆಲಕ್ಕೆ ಉಜ್ಜುತ್ತೆ. ಮೊದಲಿನ ಎತ್ತರ ಇದ್ದಿದ್ರೆ ಖಂಡಿತ ಕರ್ಕೊಂಡು ಹೋಗ್ತಿದ್ದೆ." ಇಷ್ಟು ಹೇಳಿ, ನೆಮ್ಮದಿಯಾಗಿ ಉಂಡು ಮಲಗಿದ.

ಎದ್ದಾಗ ಸಂಜೆ. ಬಾಗಿಲ ಮುಂದೆ ಕ್ಯಾಪ್ಟನ್ ಬಂದು ನಿಂತಿದ್ದ. ಟೈಲರ್, ಮೇಷ್ಟ್ರು ಕೂಡ ಹಾಜರು. ಮಾವ ಬೀಗುತ್ತ ಹೇಳಿದರು: "ಮೆಕ್ಯಾನಿಕ್‌ನ ಕರೆಸಿ ಹಳೇ ಪಟ್ಟಿನೇ ಹಾಕಿಸಿಬಿಟ್ಟೆ. ಇನ್ನು ಉಜ್ಜಲ್ಲ."

ಗುಮಾಸ್ತ ಹತ್ತಿ ಕೂತ. ಹೆಬ್ಬೆರಳು ಮತ್ತೆ ನೆಲಕ್ಕಾಗಿ ತಡಕಾಡಿತು. ಕ್ಯಾಪ್ಟನ್ ಆಗುವುದಿಲ್ಲವೆಂದು ತಲೆಯಾಡಿಸಿದ. ಅಳಿಯನಿಗೆ ಅಳುವುದೊಂದೇ ಬಾಕಿ.

"ತಾಳಿ, ತಾಳಿ" ಎಂದು ಮಾವ ಹಿಂದೆ ಹತ್ತಿದರು. ಆ ಭಾರಕ್ಕೆ ಸ್ಪ್ರಿಂಗ್ ಮೆಲ್ಲಗೆ ಕುಸಿಯಿತು. ಅಳಿಯನ ಎರಡೂ ಪಾದ ನೆಲಕ್ಕೆ ಅಂಟಿ ನಿಂತವು.

ಕ್ಯಾಪ್ಟನ್ ಬಗ್ಗಿ ನೋಡಿ ಒಪ್ಪಿದ. "ಅಡ್ಡಿಯಿಲ್ಲ, ಬನ್ನಿ. ಆದ್ರೆ ಒಂದು ಷರತ್ತು. ನಾಲ್ಕು ದಿನಾನೂ ಮಾವನೋರು ಹಿಂದಿನ ಸೀಟು ಬಿಟ್ಟು ಕದಲಬಾರ್ದು."