ನಮ್ಮ ಮನೆಯ ಡಬ್ಬಿಗೆ ವೇಗ ಬಂದದ್ದು

ಹಳೆಯದನ್ನು ಕಳಚಿ ಹೊಸದನ್ನು ಧರಿಸುವುದು ಸೃಷ್ಟಿಯ ನಿಯಮ. ಹಾವು ಪೊರೆ ಬಿಡುತ್ತದೆ, ಹೊಂಗೆ ಎಲೆ ಉದುರಿಸುತ್ತದೆ. ಆದರೆ ಹಾವಾಗಲಿ ಹೊಂಗೆಯಾಗಲಿ ಈ ಕೆಲಸಕ್ಕೆ ಸಿ.ಡಿ. ತಂದು, ಅರ್ಥವಾಗದ ಪ್ರಶ್ನೆಗಳಿಗೆಲ್ಲ ‘ಹೌದು’ ಎಂದು ಒತ್ತುವುದಿಲ್ಲ. ಅವು ಸುಖವಾಗಿವೆ.

ನಾನು ಮುಳಬಾಗಿಲಿನಲ್ಲಿ ಅಂಗಡಿಗಳ ಲೆಕ್ಕ ಬರೆಯುವವನು. ಅವಿವಾಹಿತ. ನನ್ನ ಜಾತಕ ಒಂದು ಕಾಲದಲ್ಲಿ ಕೋಲಾರ, ಶ್ರೀನಿವಾಸಪುರಗಳನ್ನೆಲ್ಲ ಸುತ್ತಿ, ಎಲ್ಲೂ ಕೂಡಿಬರದೆ, ಈಗ ಬೀರುವಿನಲ್ಲಿ ವಿಶ್ರಾಂತಿ ಪಡೆಯುತ್ತಿದೆ. ಲೆಕ್ಕಕ್ಕೆಂದು ಕೊಂಡ ಕಂಪ್ಯೂಟರಿನಲ್ಲಿ ಜಾತಕ ಕೂಡಿಸುವ ಪ್ರೋಗ್ರಾಮೂ ಇತ್ತು. ಹೀಗಾಗಿ ನಮ್ಮ ಬೀದಿಯ ಮದುವೆಗಳೆಲ್ಲ ನಮ್ಮ ನಡುಮನೆಯಲ್ಲೇ ತೀರ್ಮಾನವಾಗುತ್ತಿದ್ದವು. ನನ್ನದೊಂದನ್ನು ಬಿಟ್ಟು!

ಯಂತ್ರ ಬಹಳ ನಿಧಾನ. ಹುಡುಗ ಹುಡುಗಿಯರು ಹುಟ್ಟಿದ ವೇಳೆ, ಊರು ತುಂಬಿಸಿದ ಮೇಲೆ ಅದು ಪರದೆಯ ನಡುವೆ ಒಂದು ಮರಳಿನ ಗಡಿಯಾರ ಇಟ್ಟು ಮೌನವ್ರತಕ್ಕೆ ಇಳಿಯುತ್ತಿತ್ತು. ನಾನು ಕಾಫಿಗೆ ಇಡುತ್ತಿದ್ದೆ. ಬಂದವರು ಕಾಲು ಚಾಚಿ ಕೂತು ಹುಡುಗನ ಸಂಬಳದಿಂದ ಹಿಡಿದು ಅವನ ಸೋದರತ್ತೆಯ ಬಾಯಿಯವರೆಗೆ ಎಲ್ಲವನ್ನೂ ವಿಚಾರಣೆಗೆ ತೆಗೆದುಕೊಳ್ಳುತ್ತಿದ್ದರು. ಮನೆ ತುಂಬಿದಂತಿರುತ್ತಿತ್ತು. ಅವರು ಹೋದ ಮೇಲೆ ನಾನು ಲೋಟಗಳನ್ನು ಕೂಡಲೇ ತೊಳೆಯುತ್ತಿರಲಿಲ್ಲ. ಒಂದಕ್ಕಿಂತ ಹೆಚ್ಚು ಎಂಜಲು ಲೋಟವಿರುವ ಮನೆ ನೋಡಲು ಲಕ್ಷಣವಾಗಿರುತ್ತದೆ.

ಎದುರು ಮನೆಯ ಸರೋಜಮ್ಮನವರು ಮಗಳು ಮಂಜುಳನ ಜಾತಕ ಹಿಡಿದು ಆಗಾಗ ಬರುತ್ತಿದ್ದರು. ಸಹನೆ ತಪ್ಪಿದರೆ ಅವರ ಮಾತು ತೆಲುಗಿಗೆ ಹೊರಳುತ್ತದೆ.

“ಇಂಕಾ ಎಂತ ಸೇಪು ಸಾಮೀ? ಇನ್ನೂ ಎಷ್ಟೊತ್ತು? ನಿಮ್ ಡಬ್ಬಿ ಯೋಚ್ನೆ ಮಾಡಿ ಮುಗಿಸೋಷ್ಟರಲ್ಲಿ ನಮ್ ಮಂಜುಳ ಅಜ್ಜಿ ಆಗೋಗ್ತಾಳೆ!”

“ಗ್ರಹಗಳು ದೂರ ಇದಾವೆ ಸರೋಜಮ್ಮನೋರೆ,” ಎಂದೆ.

“ಬಸ್‌ಸ್ಟ್ಯಾಂಡ್ ಹತ್ರ ಹೊಸ ಕಂಪ್ಯೂಟರ್ ಅಂಗ್ಡಿ ಆಗಿದೆಯಲ್ಲ, ಅಲ್ಲಿಗೆ ಗ್ರಹಗಳು ಹತ್ರಾನಂತೆ. ಮುಂದಿನ್ ಸಲ ಅಲ್ಲಿಗೇ ಹೋಗ್ತೀನಿ ನೋಡಿ!”

ಸರೋಜಮ್ಮ ಹೋದರೆ ಬೀದಿಯೇ ಹೋಗುತ್ತದೆ. ಬೀದಿ ಹೋದರೆ ಸಂಜೆ ನನ್ನ ಜೊತೆ ಮಾತಾಡಲು ಉಳಿಯುವುದು ರೇಡಿಯೋ. ಅದು ಮಾತಾಡುತ್ತದೆ, ಕೇಳುವುದಿಲ್ಲ. ಆದ್ದರಿಂದ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮನ್ನೇ ಹೊಸದಾಗಿ ಬದಲಾಯಿಸತಕ್ಕದ್ದೆಂದು ಸರ್ವಾನುಮತದಿಂದ ನಿರ್ಣಯಿಸಲಾಯಿತು. ಸಭೆಯಲ್ಲಿ ಇದ್ದವನು ನಾನೊಬ್ಬನೇ.

ಗೊಬ್ಬರದ ಅಂಗಡಿಯ ಗೋಪಾಲಪ್ಪ ನನ್ನ ಜೊತೆ ಓದಿದವನು. ಅವನಿಗೆ ವಿಷಯ ತಿಳಿಸಿದೆ.

“ಏನ್ಲಾ ಶೇಷ, ಓಡ್ತಿರೋ ಗಾಡೀನ ಯಾರಾದ್ರೂ ಬಿಚ್ತಾರೇನ್ಲಾ?”

“ಓಡ್ತಿಲ್ಲ ಕಣೋ, ತೆವಳ್ತಿದೆ.”

“ತೆವಳ್ಲಿ ಬಿಡು. ನಿಂಗೇನ್ ಅರ್ಜೆಂಟು? ಮನೇಲಿ ಯಾರ್ ಕಾಯ್ತಾವ್ರೆ?”

ನಾನು ಹೊಸ ಸಿಸ್ಟಮ್ಮಿನ ಸಿ.ಡಿ. ಕೊಳ್ಳಲು ಹೊರಟೆ.

ಭಾನುವಾರ ಸ್ನಾನ ಮಾಡಿ, ಮಾನಿಟರಿಗೆ ಕುಂಕುಮ ಇಟ್ಟು ಕೂತೆ. ನಾನು ದಡ್ಡನಲ್ಲ, ಅಂಗಡಿಗಳ ಲೆಕ್ಕವನ್ನೆಲ್ಲ ಮೊದಲೇ ಫ್ಲಾಪಿಗಳಿಗೆ ಇಳಿಸಿಟ್ಟಿದ್ದೆ. ಸಿ.ಡಿ. ಹಾಕಿದೆ. ಎಲ್ಲವನ್ನೂ ಅಳಿಸಲೇ ಎಂದು ಯಂತ್ರ ವಿನಯದಿಂದ ಕೇಳಿತು. ಹೌದು ಎಂದೆ. ಖಂಡಿತವೇ ಎಂದು ಮತ್ತೆ ಕೇಳಿತು. ನನ್ನ ಮಾತಿನ ಮೇಲೆ ಅಪನಂಬಿಕೆಯೇ ಎಂದು ಸಿಟ್ಟು ಬಂದು ಜೋರಾಗಿ ಒತ್ತಿದೆ. ಜಾತಕದ ಪ್ರೋಗ್ರಾಮೂ ‘ಎಲ್ಲ’ದರೊಳಗೆ ಸೇರುತ್ತದೆಂಬ ಸಂಗತಿ ಹೊಳೆದದ್ದು ಅದು ಹೋದ ಮೇಲೆ! ಅದರ ಮೂಲ ಫ್ಲಾಪಿ ಹುಡುಕಿ ತೆಗೆದೆ. ಒಳಗೆ ಬೂಷ್ಟು ಹಿಡಿದು ಸಣ್ಣ ತೋಟವೇ ಬೆಳೆದಿತ್ತು.

ಆಗ ಕರೆಂಟು ಹೋಯಿತು.

ಬಂದಾಗ ಪರದೆ ಕಪ್ಪಗಿತ್ತು. ಹಳೆಯ ಸಿಸ್ಟಮ್ ಹೋಗಿತ್ತು, ಹೊಸದು ಬಂದಿರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದರೆ, ಈ ಮುದಿ ಯಂತ್ರಕ್ಕೆ ಮೆಮೊರಿ ಸಾಲದು ಎಂದು ಹೇಳಿ ಹೊಸದು ಬಾಗಿಲಲ್ಲೇ ನಿಂತಿತು. ಇಷ್ಟರಲ್ಲಿ ಸರೋಜಮ್ಮ ಕಿಟಕಿಯಿಂದ ಕೂಗಿದರು: “ಶೇಷಣ್ಣೋರೆ! ಮಾಲೂರಿಂದ ಒಳ್ಳೆ ಸಂಬಂಧ ಬಂದಿದೆ. ನಾಳೆ ಬರ್ಲಾ, ಇಲ್ಲಾ ಬಸ್‌ಸ್ಟ್ಯಾಂಡಿಗೆ ಹೋಗ್ಲಾ?”

“ನಾಳೆ ಸಾಯಂಕಾಲ ಇಲ್ಲಿಗೇ ಬನ್ನಿ!” ಎಂದು ಕೂಗಿದೆ. ಸುಳ್ಳಿಗೆ ಯಾವಾಗಲೂ ಮೆಮೊರಿ ಸಾಕಾಗುತ್ತದೆ.

ಬೆಳಿಗ್ಗೆ ಕಂಪ್ಯೂಟರಿನ ಡಬ್ಬಿಯನ್ನು ಧೂಳಾಗದಂತೆ ದುಪ್ಪಟಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕೋಲಾರದ ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿದ್ದ ಹೆಂಗಸು ದುಪ್ಪಟಿಯನ್ನೂ ನನ್ನ ಮುಖವನ್ನೂ ನೋಡಿದರು.

“ಮಗೂಗೆ ಹುಷಾರಿಲ್ವಾ?”

“ಮೆಮೊರಿ ಕಮ್ಮಿಯಂತಮ್ಮ.”

“ಅಯ್ಯೋ ಪಾಪ! ತಾಯಿ ಎಲ್ಲಿ?”

“ತಾಯಿ ಇಲ್ಲ.”

ಆಕೆ ಎದ್ದು ನನಗೆ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟರು. ಕೋಲಾರದಲ್ಲಿ ಮಕ್ಕಳ ಡಾಕ್ಟರು ಯಾರು ಚೆನ್ನಾಗಿ ನೋಡುತ್ತಾರೆ, ಯಾವ ದೇವರಿಗೆ ಹರಕೆ ಹೊರಬೇಕು ಎಂದು ದಾರಿಯುದ್ದಕ್ಕೂ ಹೇಳಿದರು. ನಿಜ ಹೇಳುವ ಅವಕಾಶ ಹಲವು ಬಾರಿ ಬಂತು. ಹೇಳಲಿಲ್ಲ. ಅಷ್ಟು ಅಕ್ಕರೆಯಿಂದ ಯಾರಾದರೂ ನನ್ನನ್ನು ವಿಚಾರಿಸಿಕೊಂಡು ಬಹಳ ಕಾಲವಾಗಿತ್ತು. ಇಳಿಯುವಾಗ ಆಕೆ ದುಪ್ಪಟಿಯನ್ನು ಮೆಲ್ಲಗೆ ತಟ್ಟಿದರು. ಠಣ್ ಎಂದಿತು! ನಾನು ತಿರುಗಿ ನೋಡದೆ ನಡೆದೆ.

ಕೋಲಾರದ ಅಂಗಡಿಯವರು ಮೆಮೊರಿ ಸೇರಿಸಿ, ಹೊಸ ಸಿಸ್ಟಮ್ ತುಂಬಿಸಿ, ಜಾತಕದ ಹೊಸ ಪ್ರೋಗ್ರಾಮನ್ನೂ ಹಾಕಿಕೊಟ್ಟರು. ಸಂಜೆಯ ಹೊತ್ತಿಗೆ ಡಬ್ಬಿ ನಡುಮನೆಯಲ್ಲಿತ್ತು. ನಾನು ದೊಡ್ಡ ಪಾತ್ರೆಯಲ್ಲಿ ಕಾಫಿಗೆ ನೀರಿಟ್ಟೆ. ಕೋಡುಬಳೆಯನ್ನೂ ತಂದಿದ್ದೆ.

ಸರೋಜಮ್ಮ ಬಂದರು. ಮಾಲೂರಿನ ಹುಡುಗನ ವಿವರ ತುಂಬಿಸಿ, ಒತ್ತಿ, “ಕೂತ್ಕೊಳ್ಳಿ” ಎಂದೆ. ಅವರು ಕೂರುವ ಮೊದಲೇ ಪ್ರಿಂಟರು ಕರ್ರೆಂದಿತು.

“ಆಗೋಯ್ತಾ?”

“ಆಯ್ತು. ಚೆನ್ನಾಗಿ ಕೂಡಿದೆ.”

“ನಿಮ್ ಕೈಗುಣ ಸಾಮೀ!” ಎಂದು ಕಾಗದವನ್ನು ಕಣ್ಣಿಗೊತ್ತಿಕೊಂಡರು.

“ಕಾಫಿಗೆ ಇಟ್ಟಿದೀನಿ...”

“ಬೇಡ ಬಿಡಿ. ಇಷ್ಟ್ ಬೇಗ ಆಗುತ್ತೆ ಅಂತ ಗೊತ್ತಿದ್ರೆ ಚಪ್ಲೀನೂ ಬಿಡ್ತಿರ್ಲಿಲ್ಲ! ಮಾಲೂರಿಗೆ ಫೋನ್ ಮಾಡ್ಬೇಕು, ಬರ್ತೀನಿ.”

“ಹುಡುಗನ ಸೋದರತ್ತೆ ಹೇಗಂತೆ?” ಎಂದು ಹಿಂದಿನಿಂದ ಕೇಳಿದೆ.

“ಆಮೇಲ್ ಹೇಳ್ತೀನಿ!” ಎಂಬ ಮಾತು ಬೀದಿಯಿಂದ ಬಂತು.

ವೇಗದ ಸುದ್ದಿಯನ್ನು ಅವರೇ ಮನೆಮನೆಗೂ ಮುಟ್ಟಿಸಿದರು. ಬಸ್‌ಸ್ಟ್ಯಾಂಡಿಗೆ ಯಾರೂ ಹೋಗಲಿಲ್ಲ. ಯೋಜನೆ ಸಂಪೂರ್ಣ ಯಶಸ್ವಿ! ಮುಂದೆ ಬಂದವರಿಗೆ “ಸ್ವಲ್ಪ ಹೊತ್ತಾಗುತ್ತೆ, ಕೂತ್ಕೊಳ್ಳಿ” ಎಂದು ಹೇಳಿ ನೋಡಿದೆ; ಮಾತು ಮುಗಿಯುವಷ್ಟರಲ್ಲಿ ಕಾಗದ ಹೊರಗೆ ಬಂದು ನನ್ನ ಮಾನ ಕಳೆಯಿತು. ಹಳೆಯ ಸಿಸ್ಟಮ್ಮನ್ನೇ ಮತ್ತೆ ಹಾಕಿಕೊಡುತ್ತೀರಾ ಎಂದು ಕೋಲಾರಕ್ಕೆ ಫೋನ್ ಮಾಡಿ ಕೇಳಿದೆ. ಅಂಗಡಿಯವರು ನಕ್ಕರು.

ಈಗ ನಮ್ಮ ಮನೆಯಲ್ಲಿ ಜಾತಕ ಒಂದು ನಿಮಿಷದೊಳಗೆ ಸಿಗುತ್ತದೆ. ಬಂದವರು ಹೊಸ್ತಿಲಲ್ಲೇ ನಿಂತು ತೆಗೆದುಕೊಂಡು ಹೋಗುತ್ತಾರೆ.