ಹಡಗು ಬರುವ ಸಿನಿಮಾ

ಚನ್ನಕೇಶವ ಲುಂಗಿ ಎತ್ತಿ ಕಟ್ಟಿ, ಕಣದಲ್ಲಿ ಹರವಿದ ಕಾಫಿ ಹಣ್ಣಿನ ನಡುವೆ ಕಾಲೆಳೆಯುತ್ತಾ ನಡೆಯುತ್ತಿದ್ದ. ಬಿಸಿಲೇರುವ ಮೊದಲು ಹಣ್ಣು ತಿರುವಿ ಹಾಕಬೇಕಿತ್ತು. ಅರ್ಧ ಕಣವೂ ಮುಗಿದಿರಲಿಲ್ಲ, ಪಕ್ಕದ ಮನೆಯ ರಂಗಮ್ಮ ಬೇಲಿಯ ಸಂದಿಯಿಂದ ನುಗ್ಗಿ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಕೇಶವಾ, ನಿಲ್ಲು ಮಾರಾಯ. ಮನೆಮಂದಿಯೆಲ್ಲ ಕೂತು ನೋಡ್ಬಹುದು ಅಂತ ಆ ಸಿನಿಮಾಕ್ಕೆ ಹೇಳಿದ್ದು ನೀನೇ ತಾನೆ?"

"ಹೌದು ದೊಡ್ಡಮ್ಮ. ನೋಡಿದ್ರಾ? ಚೆನ್ನಾಗಿತ್ತಾ?"

"ಚೆನ್ನಾಗಿತ್ತು! ಹೊಸ ಬೀಗರನ್ನ ಮುಂದೆ ಕೂರಿಸ್ಕೊಂಡು ಹಾಕ್ದೆ. ಆ ಹುಡುಗಿ ಹೋಗಿ ಜಲಪಾತದ ಕೆಳಗೆ ನಿಂತ್ಲು ನೋಡು, ಅಲ್ಲಿಗೆ ಮುಗೀತು. ಬೀಗರು ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ತಾ ಕೂತ್ರು. ಬೀಗಿತ್ತಿ ನೀರು ಕುಡಿಯೋಕೆ ಅಂತ ಎದ್ದು ಹೋದವ್ರು ಹಾಡು ಮುಗಿಯೋ ತನಕ ಕುಡೀತಾನೇ ಇದ್ರು. ನಂಗೆ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು."

"ಅಂಥ ಹಾಡು ಇತ್ತಾ ಅದರಲ್ಲಿ? ನಾನು ಅಜ್ಜನ ಪಾತ್ರ ನೋಡ್ತಿದ್ದೆ ದೊಡ್ಡಮ್ಮ. ಆ ಅಜ್ಜ ಏನು ಆಕ್ಟಿಂಗ್ ಮಾಡಿದಾನೆ ಅಂತೀರಿ!"

ಕಳಸದ ಪೇಟೆಯಂಚಿನ ಆ ಬೀದಿಯಲ್ಲಿ ಚನ್ನಕೇಶವನ ಅಭಿಪ್ರಾಯಕ್ಕೆ ಒಂದು ಕಾಲದಲ್ಲಿ ಬೆಲೆಯಿತ್ತು. ಮನೆಗೆ ವಿಸಿಡಿ ಪ್ಲೇಯರ್ ಬಂದ ಮೇಲೆ ಅವನು ಸಂಜೆಗೊಂದು ಸಿನಿಮಾ ನೋಡುವುದು, ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ನಿಂತು ತೀರ್ಪು ಕೊಡುವುದು ರೂಢಿಯಾಯಿತು. ಅಡುಗೆ ಬಲ್ಲವರು ಸಾರಿನ ಒಂದು ಹನಿಯನ್ನು ಅಂಗೈಗೆ ಹಾಕಿ ನೆಕ್ಕಿ 'ಉಪ್ಪು ಸಾಲದು' ಎನ್ನುವ ಹಾಗೆ ಇವನು 'ಸೆಕೆಂಡ್ ಹಾಫ್ ಎಳೆದಿದಾನೆ' ಎಂದುಬಿಟ್ಟರೆ, ಆ ಸಿಡಿ ಮಲ್ಲೇಶನ ಅಂಗಡಿಯಲ್ಲೇ ಧೂಳು ತಿನ್ನುತ್ತಾ ಕೂರುತ್ತಿತ್ತು. ಈಚೆಗೆ ಮಾತ್ರ ತೀರ್ಪುಗಳು ತಲೆಕೆಳಗಾಗುತ್ತಿದ್ದವು. ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತದೆ ಎಂದಿದ್ದ ಸಿನಿಮಾ ನೋಡಿ ಅದೇ ಬೀದಿಯ ಬಸಮ್ಮ ಊಟ ಬಿಟ್ಟು ಅತ್ತಿದ್ದರು. ದೂರುಗಳೆಲ್ಲ ಬಂದು ಬೀಳುತ್ತಿದ್ದದ್ದು ಹೆಂಡತಿ ರೂಪಶ್ರೀಯ ಮೇಲೆ.

ರಂಗಮ್ಮನ ಗಂಟಲು ಕೇಳಿ ರೂಪಶ್ರೀ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ರೀ, ಸಾಕು. ನೀರು ತರೋಕೆ ಹೋದ್ರೂ ಸಿನಿಮಾ ದೂರು, ದೇವಸ್ಥಾನಕ್ಕೆ ಹೋದ್ರೂ ಸಿನಿಮಾ ದೂರು. ಇವತ್ತು ಮಧ್ಯಾಹ್ನ ತಮ್ಮ ದರ್ಶನ ಗೋಣಿಬೀಡಿಂದ ಬರ್ತಾನಲ್ಲ, ಪ್ಲೇಯರ್ ಅವನ ಕೈಲಿ ಕೊಟ್ಟು ಕಳಿಸ್ತೀನಿ. ನಮ್ಮ ತವರಲ್ಲಾದ್ರೂ ಭಕ್ತಿಗೀತೆ ಹಾಕ್ಕೊಂಡು ಕೇಳ್ತಾರೆ."

ದಿನವಿಡೀ ತೋಟದಲ್ಲಿ ಜಿಗಣೆ, ಇರುವೆಗಳ ಜೊತೆ ಏಗುವ ಚನ್ನಕೇಶವನಿಗೆ ಇದ್ದ ಒಂದೇ ಸುಖ ಆ ಪೆಟ್ಟಿಗೆ. ಅಷ್ಟರಲ್ಲಿ ಎದುರು ಮನೆಯ ಓಂಕಾರಪ್ಪ ಪೇಪರ್ ಇಸಿದುಕೊಳ್ಳಲು ಬಂದವರು ಸಾಕ್ಷಿ ಹೇಳುವವರಂತೆ ಕಣದ ಅಂಚಿನಲ್ಲಿ ನಿಂತರು. ಪೇಟೆಯಲ್ಲಿ ಬಟ್ಟೆ ಅಂಗಡಿಯಿದ್ದ ಅವರ ಕಿವಿಗೆ ಬಿದ್ದ ಮಾತು ಮೀಟರ್ ಲೆಕ್ಕದಲ್ಲಿ ಊರಿಗೆಲ್ಲ ಹಂಚಿಕೆಯಾಗುತ್ತಿತ್ತು.

"ಒಂದು ಅವಕಾಶ ಕೊಡಿ," ಎಂದ ಚನ್ನಕೇಶವ. "ನಿನ್ನೆ ನಾನು, ಪುಟ್ಟಿ ನೋಡಿದ ಸಿನಿಮಾನ ಇವತ್ತು ಮಧ್ಯಾಹ್ನ ನಮ್ಮನೇಲೇ ಹಾಕ್ತೀನಿ. ಎಲ್ರೂ ಬನ್ನಿ. ನಾನು ಹೇಳಿದ ಹಾಗೆ ಇಲ್ಲ ಅಂದ್ರೆ ಪ್ಲೇಯರ್ ನಾನೇ ಹೊತ್ಕೊಂಡು ಹೋಗಿ ಬಸ್ಸಿಗೆ ಹಾಕ್ತೀನಿ."

"ಕತೆ ಏನು?" ಎಂದರು ಓಂಕಾರಪ್ಪ.

"ಶುರುವಿನಲ್ಲಿ ಹಳ್ಳಿ. ಕಣ್ಣು ಕಾಣದ ತಾಯಿ, ಇಬ್ಬರು ಗಂಡುಮಕ್ಕಳು, ಎತ್ತು, ತಂಗಿ ಮದುವೆ ಮುರಿಯೋದು. ಎಲ್ಲ ಮಾಮೂಲಿ. ಆದ್ರೆ ಇಂಟರ್ವೆಲ್ ಆದ್ಮೇಲೆ ಇದೆ ನೋಡಿ! ಸೀದಾ ಹಡಗು. ಪೊಲೀಸ್ ಇನ್ಸ್‌ಪೆಕ್ಟರ್ ಒಬ್ಬ ಹಡಗಿನ ತುದೀಲಿ ನಿಂತು ಫೈಟ್ ಮಾಡ್ತಾನೆ."

"ಹಳ್ಳಿ ಕತೇಲಿ ಹಡಗು ಎಲ್ಲಿಂದ ಬಂತು ಮಾರಾಯ?" ಎಂದರು ರಂಗಮ್ಮ.

"ಅದೇ ದೊಡ್ಡಮ್ಮ ಡೈರೆಕ್ಟರ್ ತಲೆ! ಹಳೇ ಕತೆ ಏನಾಯ್ತು ಅಂತ ಹೇಳೋದೇ ಇಲ್ಲ ಅವನು. ನಮ್ಮ ಜೀವನದಲ್ಲಿ ಎಲ್ಲ ಕತೆನೂ ಮುಗಿಯುತ್ತಾ? ಇಂಥ ಧೈರ್ಯ ಮಾಡಿದವ್ರು ಇನ್ನೊಬ್ಬರಿಲ್ಲ."

ಓಂಕಾರಪ್ಪ ಗಂಭೀರವಾಗಿ ತಲೆ ಆಡಿಸಿ, ಪೇಪರನ್ನೇ ಮರೆತು, ಸುದ್ದಿ ಹೊತ್ತು ನಡೆದರು.

ಕಣದ ಇನ್ನೊಂದರ್ಧ ಮುಗಿಯುವಷ್ಟರಲ್ಲಿ ಮಲ್ಲೇಶನ ಬೈಕು ಬಂದು ನಿಂತಿತು. ಸಿಡಿ ಅಂಗಡಿಯ ಮಲ್ಲೇಶ ಅತ್ತಿತ್ತ ನೋಡಿ ಪಿಸುಗುಟ್ಟಿದ.

"ಅಣ್ಣಾ, ಒಂದು ಎಡವಟ್ಟಾಗಿದೆ. ನಿನ್ನೆ ನಿಮಗೆ ಕೊಟ್ಟೆನಲ್ಲ, ಅದರಲ್ಲಿ ಎರಡನೇ ಸಿಡಿ ಬೇರೆ ಸಿನಿಮಾದ್ದು."

ಆಗೆಲ್ಲ ಸಿನಿಮಾ ಎರಡು ಸಿಡಿಗಳಲ್ಲಿ ಬರುತ್ತಿತ್ತು. ಇಂಟರ್ವೆಲ್ ಎಂದರೆ ಎದ್ದು ಹೋಗಿ ಮೊದಲನೆಯದನ್ನು ತೆಗೆದು ಎರಡನೆಯದನ್ನು ಹಾಕುವುದು. ಮಲ್ಲೇಶನ ಸಿಡಿಗಳ ಮೇಲೆ ಹೆಸರೆಲ್ಲ ಕೈ ತಾಗಿ ತಾಗಿ ಅಳಿಸಿ, ಒಂದು, ಎರಡು ಎಂಬ ಅಂಕಿ ಮಾತ್ರ ಉಳಿದಿರುತ್ತಿತ್ತು.

"ಬೇರೆ ಸಿನಿಮಾದ್ದಾ?" ಚನ್ನಕೇಶವ ಕಾಫಿ ಹಣ್ಣಿನ ಮೇಲೇ ಕುಕ್ಕರಿಸಿದ. "ಹಾಗಾದ್ರೆ ಹಡಗು?"

"ಅದು ಪೊಲೀಸ್ ಸಿನಿಮಾದ್ದು ಅಣ್ಣಾ. ನಿಮ್ಮ ಹಳ್ಳಿ ಸಿನಿಮಾದ ಎರಡನೇದು ಸಂಸೆ ಊರಿನ ತಂಗಮ್ಮನವರ ಡಬ್ಬಿಗೆ ಹೋಗಿದೆ. ಭಾನುವಾರ, ಅಂಗಡಿ ಬಿಟ್ಟು ಹೋಗೋಕಾಗಲ್ಲ. ನಿಮಗೆ ಬೇಕಿದ್ರೆ ನಿಮ್ಮ ಹತ್ರ ಇರೋದನ್ನ ಅವರಿಗೆ ಕೊಟ್ಟು ಅದನ್ನ ಇಸ್ಕೊಳ್ಳಿ."

ಮಲ್ಲೇಶ ಹೋದ ಮೇಲೂ ಚನ್ನಕೇಶವ ಎದ್ದಿರಲಿಲ್ಲ. ಎರಡು ಸಿನಿಮಾವನ್ನು ಒಂದು ಎಂದು ನಂಬಿ, ಡೈರೆಕ್ಟರನ ಧೈರ್ಯವನ್ನು ಹೊಗಳಿದ್ದು ಊರಿಗೆ ಗೊತ್ತಾದರೆ ಡೇರಿಯ ಮುಂದೆ ನಿಲ್ಲುವ ಹಾಗಿರಲಿಲ್ಲ. ಪ್ಲೇಯರಂತೂ ಹೋದ ಹಾಗೇ. ಸರಿಯಾದ ಸಿಡಿ ತಂದು ಹಾಕಿದರೆ ಒಳ್ಳೆಯ ಸಿನಿಮಾ ನೋಡಿದ ಖುಷಿಯಲ್ಲಿ ಹಡಗನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

"ಸಂಸೇಲಿ ಮೆಣಸಿನ ಬಳ್ಳಿ ಇದ್ಯಂತೆ, ಕೇಳ್ಕೊಂಡು ಬರ್ತೀನಿ," ಎಂದು ಅಂಗಿ ಹಾಕಿಕೊಂಡ.

"ಪುಟ್ಟಿನೂ ಕರ್ಕೊಂಡ್ ಹೋಗಿ, ನಂಗೆ ಕೆಲಸ ಇದೆ," ಎಂದು ರೂಪಶ್ರೀ ಮಗಳು ಕವನಾಳ ಜಡೆಗೆ ರಿಬ್ಬನ್ ಬಿಗಿದು ಕಳಿಸಿದಳು.

ಸಂಸೆಯ ಜೀಪು ಮಾವಿನ ಮಿಡಿ ತುಂಬಿದ ಭರಣಿಯಂತಿತ್ತು. ಒಳಗೆ ಕೂತವರು, ಮಡಿಲಲ್ಲಿ ಕೂತವರು, ಹಿಂದೆ ನೇತುಬಿದ್ದವರು. ಚನ್ನಕೇಶವ ಸಿಡಿಯನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು, ತಿರುವಿಗೊಮ್ಮೆ ಅದು ಮುರಿಯದಿರಲಿ ಎಂದು ಉಸಿರು ಬಿಗಿಹಿಡಿಯುತ್ತಾ ಸಂಸೆ ಮುಟ್ಟಿದ.

ತಂಗಮ್ಮ ಅಂಗಳದಲ್ಲಿ ಅಡಿಕೆ ಆರಿಸುತ್ತಿದ್ದರು. ಮಾತು ಮುಗಿಯುವ ಮೊದಲೇ ತಲೆ ಕೊಡವಿದರು.

"ಕೊಡಲ್ಲಪ್ಪ. ಇವತ್ತು ಇನ್ನೊಂದ್ಸಲ ನೋಡ್ಬೇಕು. ಎಷ್ಟು ಚೆಂದ ಇದೆ! ಆ ಹುಡುಗ ಮೊದಲು ಪೊಲೀಸು. ಗುಂಡು ಹೊಡಿ, ಓಡು, ಅದೇ ಆಯ್ತು. ಆಮೇಲೆ ಈ ಕೆಲಸದಲ್ಲಿ ಸುಖ ಇಲ್ಲ ಅಂತ ಊರಿಗೆ ಬಂದು ತಾಯಿ ಜೊತೆ ಎತ್ತು ಕಟ್ಕೊಂಡು ಇರ್ತಾನೆ. ತಂಗಿ ಮದುವೆನೂ ಮಾಡ್ತಾನೆ. ಎಂಥ ಮಗ!"

"ಅಮ್ಮಾ, ಅವನು ಬೇರೆ, ಇವನು ಬೇರೆ. ಮುಖ ನೋಡ್ಲಿಲ್ವಾ ನೀವು?"

"ಗಡ್ಡ ಬಿಟ್ಟರೆ ಯಾರ ಮುಖನೂ ಬದಲಾಗುತ್ತೆ."

"ಎರಡೂ ಬೇರೆ ಬೇರೆ ಸಿನಿಮಾ ಅಮ್ಮಾ!"

"ಬೇರೆ ಹೇಗಾಗುತ್ತಪ್ಪ? ಒಂದೇ ಡಬ್ಬೀಲಿತ್ತಲ್ಲ!"

ಹಿಂದಿನ ಸಂಜೆ ಚನ್ನಕೇಶವನೂ ಅದನ್ನೇ ನಂಬಿದ್ದ. ಕೊನೆಗೆ ಅಂಗಿಯೊಳಗಿನ ಸಿಡಿ ತೆಗೆದು, "ಇದರಲ್ಲಿ ನಿಮ್ಮ ಹುಡುಗನಿಗೆ ಪ್ರಮೋಷನ್ ಆಗುತ್ತೆ. ಹಡಗಲ್ಲಿ ಹೋಗ್ತಾನೆ," ಎಂದ. ತಂಗಮ್ಮನ ಮುಖ ಕಾಸಿದ ತುಪ್ಪದಂತೆ ಕರಗಿತು. ಸಿಡಿ ಕೊಟ್ಟರು, ಕವನಾಳ ಎರಡು ಕೈಗೂ ಕೋಡುಬಳೆ ಹಾಕಿದರು.

ವಾಪಸು ಬರುವ ಜೀಪಿನಲ್ಲಿ ಕವನಾ ಕೋಡುಬಳೆ ಕಡಿಯುವುದನ್ನು ನಿಲ್ಲಿಸಿ ಹುಬ್ಬು ಗಂಟಿಕ್ಕಿದಳು.

"ಅಪ್ಪ, ಒಂದು ಕೇಳ್ಲಾ?"

ಜೀಪಿನ ತುಂಬ ಗುರುತಿನವರು. "ಈಗ ಬೇಡ ಪುಟ್ಟಿ. ಸಿನಿಮಾ ಮುಗೀಲಿ, ಆಮೇಲೆ ಏನು ಬೇಕಾದ್ರೂ ಕೇಳು," ಎಂದ ಚನ್ನಕೇಶವ. ಕವನಾ ಹೇಳಿದ ಮಾತು ಕೇಳುವ ಹುಡುಗಿ. ಬಾಯಿ ಮುಚ್ಚಿದಳು.

ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಓಂಕಾರಪ್ಪನವರ ಪ್ರಚಾರ ಬಸ್‌ಸ್ಟ್ಯಾಂಡಿನವರೆಗೂ ಮುಟ್ಟಿತ್ತು. ಬಸಮ್ಮ ಚಾಪೆ ಸಮೇತ ಬಂದಿದ್ದರು. ರಂಗಮ್ಮ ಅದೇ ಬೀಗರನ್ನು, ಅದೇ ಬೀಗಿತ್ತಿಯನ್ನು ತಂದು ಟಿವಿಯ ಎದುರಿಗೇ ಕೂರಿಸಿ, "ಹೋದ ಮಾನ ಇವತ್ತು ವಾಪಸ್ ತಂದ್ಕೊಡು ಮಾರಾಯ," ಎಂದರು. ಬಾಮೈದ ದರ್ಶನ್ ಪ್ಲೇಯರ್ ಸುತ್ತಲು ದಪ್ಪನೆಯ ಟವೆಲೊಂದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ.

"ಬಳ್ಳಿ ಸಿಕ್ತಾ?" ಎಂದಳು ರೂಪಶ್ರೀ.

"ಯಾವ ಬಳ್ಳಿ? ಓ, ಬಳ್ಳಿನಾ? ಇಲ್ಲ."

ಮೊದಲ ಸಿಡಿ ಭರ್ಜರಿಯಾಗಿ ಓಡಿತು. ಕಣ್ಣು ಕಾಣದ ತಾಯಿ ಎತ್ತಿನ ಮೈ ತಡವಿ ಮಗನ ಹೆಸರು ಕರೆದಾಗ ಬೀಗಿತ್ತಿ ಮೂಗು ಒರೆಸಿಕೊಂಡರು. ಜಲಪಾತ ಎಲ್ಲೂ ಬರಲಿಲ್ಲ. ಇಂಟರ್ವೆಲಿನಲ್ಲಿ ರೂಪಶ್ರೀ ಎಲ್ಲರಿಗೂ ಕಾಫಿ ಕೊಟ್ಟು, ಗಂಡನ ಲೋಟಕ್ಕೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿದಳು. ಚನ್ನಕೇಶವನಿಗೆ ಗೆದ್ದೆ ಎನಿಸಿತು.

ಎರಡನೇ ಸಿಡಿ ಶುರುವಾಯಿತು. ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತರು.

"ಈಗ ಬರುತ್ತೆ ಹಡಗು," ಎಂದರು ಓಂಕಾರಪ್ಪ, ತಾವೇ ತರಿಸಿದವರ ಹಾಗೆ.

ಬಂದದ್ದು ಅದೇ ಹಳ್ಳಿ, ಅದೇ ಎತ್ತು. ತಾಯಿ ಕಟ್ಟೆಯ ಮೇಲೆ ಕೂತು ಅಕ್ಕಿ ಕೇರುತ್ತಿದ್ದಳು.

"ಹಡಗು ಎಲ್ಲಿ?" ಹಿಂದಿನಿಂದ ಯಾರೋ ಕೇಳಿದರು.

"ತಾಳಿ, ಹಳ್ಳಿಗೆ ಬರೋಕೆ ಹೊತ್ತಾಗಲ್ವಾ?" ಎಂದರು ಬಸಮ್ಮ.

ತಂಗಿಗೆ ಹೊಸ ಗಂಡು ಬಂದ. ಅಣ್ಣತಮ್ಮಂದಿರು ಒಂದಾದರು. ತೆರೆಯ ಮೇಲೆ ಹೊಳೆಯೊಂದು ಕಂಡದ್ದೇ ಎಲ್ಲರೂ ಮುಂದೆ ಬಾಗಿದರು. ಹೊಳೆಯ ಮೇಲೆ ಏನೋ ತೇಲಿ ಬಂತು.

"ಇದೇನಾ ಹಡಗು?" ಎಂದರು ಬೀಗರು.

"ಅದು ತೆಪ್ಪ," ಎಂದ ದರ್ಶನ್, ಟವೆಲ್ಲಿನ ಮಡಿಕೆ ಬಿಡಿಸುತ್ತಾ.

ಚನ್ನಕೇಶವ ಕಣ್ಣು ಮುಚ್ಚಿ ಕಳಸೇಶ್ವರನನ್ನು ನೆನೆದ. 'ಸ್ವಾಮಿ, ಕರೆಂಟು ತೆಗೆದುಬಿಡು.' ಬೇರೆ ಭಾನುವಾರಗಳಲ್ಲಿ ನಾಯಕಿ ನಕ್ಕರೂ ಹೋಗಿಬಿಡುತ್ತಿದ್ದ ಕರೆಂಟು ಅವತ್ತು ಬಲ್ಬಿನಲ್ಲಿ ಮಿಣುಕಲೂ ಇಲ್ಲ. ತಂಗಿಯ ಮದುವೆಯಾಯಿತು, ಅಕ್ಷತೆ ಬಿತ್ತು, ಶುಭಂ ಬಂತು.

ಸಿನಿಮಾ ಚೆನ್ನಾಗಿಯೇ ಇತ್ತು. ಆದರೆ ಹಬ್ಬದೂಟಕ್ಕೆ ಹೋಳಿಗೆ ಎಂದು ಕರೆದು ಪಾಯಸ ಬಡಿಸಿದರೆ ಪಾಯಸಕ್ಕೆ ಯಾರು ಮರ್ಯಾದೆ ಕೊಡುತ್ತಾರೆ?

"ಇನ್ಸ್‌ಪೆಕ್ಟರ್ ಎಲ್ಲಿ?" ಎಂದರು ರಂಗಮ್ಮ.

"ಹಡಗಿದೆ ಅಂತ ಅಂಗಡಿಗೆ ಬಂದವ್ರಿಗೆಲ್ಲ ಹೇಳಿದ್ದೆ ನಾನು," ಎಂದರು ಓಂಕಾರಪ್ಪ ಕೆಂಪಾಗಿ. "ಈಗ ಗೊತ್ತಾಯ್ತು. ಈ ಮನುಷ್ಯ ಸಿನಿಮಾ ನೋಡೋದೇ ಇಲ್ಲ! ಡಬ್ಬಿ ಮೇಲಿನ ಚಿತ್ರ ನೋಡಿ ಕತೆ ಕಟ್ತಾನೆ."

"ಅದಕ್ಕೇ ನಂಗೆ ಜಲಪಾತ ಹೇಳ್ಲಿಲ್ಲ!" ಎಂದರು ರಂಗಮ್ಮ.

ದರ್ಶನ್ ಎದ್ದು ಪ್ಲೇಯರಿನ ವೈರು ಕಿತ್ತ. "ತಪ್ಪು ತಿಳೀಬೇಡಿ ಭಾವ, ಅಕ್ಕ ಹೇಳಿದ್ದು," ಎಂದು ಟವೆಲ್ಲಿನಲ್ಲಿ ಕೂಸನ್ನು ಸುತ್ತುವಂತೆ ಸುತ್ತತೊಡಗಿದ. ಪೆಟ್ಟಿಗೆಯ ಒಂದು ಮೂಲೆ ಮಾತ್ರ ಹೊರಗುಳಿದಾಗ ಚನ್ನಕೇಶವನ ಬಾಯಿಂದ ತಾನಾಗಿ ಮಾತು ಸಿಡಿಯಿತು.

"ಇದು ತಪ್ಪು ಸಿಡಿ! ನಾನು ನಿನ್ನೆ ನೋಡಿದ್ದು ಇದಲ್ಲ. ಹಡಗಿನ ಸಿಡಿ ಹಾಕೋದು ಬಿಟ್ಟು ಮಲ್ಲೇಶ ಇದನ್ಯಾವುದೋ ಹಾಕಿದಾನೆ!"

ಗಾಳಿ ಒಮ್ಮೆಲೇ ತಿರುಗಿತು.

"ಹಾಗೆ ಹೇಳಿ ಮತ್ತೆ!" ಓಂಕಾರಪ್ಪ ತೊಡೆ ತಟ್ಟಿದರು. "ನಂಗೆ ಆಗ್ಲೇ ಅನುಮಾನ ಬಂತು. ಮೊದಲನೇದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ."

"ಆದ್ರೆ ಅದೇ ತಾಯಿ, ಅದೇ ಎತ್ತು ಇತ್ತಲ್ಲ?" ಎಂದರು ಬಸಮ್ಮ.

"ಸುಮ್ನಿರೇ. ಸಿನಿಮಾದವ್ರು ಎತ್ತು ಬಾಡಿಗೆಗೆ ತರ್ತಾರೆ. ತಾಯೀನೂ ಹಾಗೇ," ಎಂದರು ರಂಗಮ್ಮ.

ಬೀಗರು ನಕ್ಕರು. ರಂಗಮ್ಮ, "ಪಾಪ, ಸುಮ್ನೆ ಬೈದ್ನಲ್ಲ ಕೇಶವಾ," ಎಂದು ಅವನ ಭುಜ ಸವರಿದರು. ರೂಪಶ್ರೀ ಗಂಡನ ಬೆವೆತ ಮುಖವನ್ನು ಒಂದು ಗಳಿಗೆ ನೋಡಿದಳು. ಅವಳ ಮನಸ್ಸು ಕರಗಿತು.

"ಬಿಡು ದರ್ಶನ, ಅಲ್ಲೇ ಇಡು. ಅಂಗಡಿಯವನ ತಪ್ಪಿಗೆ ಇವರೇನು ಮಾಡ್ತಾರೆ?"

ದರ್ಶನ್ ಟವೆಲ್ ಬಿಚ್ಚಿದ. ಪ್ಲೇಯರ್ ಮತ್ತೆ ತನ್ನ ಜಾಗಕ್ಕೆ ಬಂತು. ಚನ್ನಕೇಶವ ಬೆಳಗಿನಿಂದ ಕಟ್ಟಿಟ್ಟಿದ್ದ ಉಸಿರನ್ನೆಲ್ಲ ಒಟ್ಟಿಗೆ ಬಿಟ್ಟ. ಜನ ನಗುನಗುತ್ತಾ ಏಳತೊಡಗಿದರು. ಆಗ ಶಾಲೆಯಲ್ಲಿ ಎತ್ತುವ ಹಾಗೆ ಬಲಗೈ ಎತ್ತಿಕೊಂಡು ಕವನಾ ಎದ್ದು ನಿಂತಳು.

"ಅಪ್ಪ, ಸಿನಿಮಾ ಮುಗೀತಲ್ಲ. ಈಗ ಕೇಳ್ಲಾ?"

"ನಾಳೆ ಪುಟ್ಟಿ, ನಾಳೆ," ಎಂದ ಚನ್ನಕೇಶವ.

"ಮಗುನ ಯಾಕ್ರೀ ತಡೀತೀರಿ?" ಓಂಕಾರಪ್ಪ ಮತ್ತೆ ಕೂತರು. "ಕೇಳು ಪುಟ್ಟಿ, ಧೈರ್ಯವಾಗಿ ಕೇಳು. ನಾವೆಲ್ಲ ಇದೀವಿ."

ಎದ್ದವರೆಲ್ಲ ನಿಂತರು. ಕವನಾ ಎಲ್ಲರಿಗೂ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡಳು.

"ಹಡಗಿನ ಸಿಡಿ ನಮ್ಮನೇಲೇ ಇತ್ತಲ್ಲ ಅಪ್ಪ? ಮತ್ತೆ ಬೆಳಿಗ್ಗೆ ಜೀಪಲ್ಲಿ ಸಂಸೆಗೆ ಹೋಗಿ, ಅದನ್ನ ಆ ಅಜ್ಜಿಗೆ ಕೊಟ್ಟು, ಇದನ್ನ ಯಾಕೆ ಇಸ್ಕೊಂಡು ಬಂದ್ವಿ?"