ಕಾರಿನ ಮುಖ ನೋಡುವ ಮಾವ

ನನ್ನ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಕಾರಿನ ಮುಖ ಮಾತ್ರ ಸಾಯುವವರೆಗೂ ಮರೆಯುವುದಿಲ್ಲ. ನಾನು ಹೆಚ್ಚು ಮಾಡಿ ಹೇಳುತ್ತೇನೆ ಅನಿಸಿದರೆ ಒಮ್ಮೆ ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ ಅವರ ಪಕ್ಕ ನಿಂತು ನೋಡಿ. ಅಲ್ಲಿ ಒಂದು ಸಲ ಯಾರೋ ಓಡಿ ಬಂದು ಅವರ ಕೈ ಹಿಡಿದರು.

"ನನ್ನ ಮದುವೆಯ ಫೋಟೋ ತೆಗೆದದ್ದು ನೀವೇ ಅಲ್ವಾ? ಗುರ್ತ ಸಿಕ್ಕಿತಾ?"

ಮಾವ ಕಣ್ಣು ಸಣ್ಣ ಮಾಡಿ ನೋಡಿದರು. ಇಲ್ಲ. ಆ ಮನುಷ್ಯ ಊರು ಹೇಳಿದ, ತಂದೆಯ ಹೆಸರು ಹೇಳಿದ, ಹೆಂಡತಿಯ ತವರುಮನೆ ಹೇಳಿದ. ಊಹೂಂ. ಕೊನೆಗೆ ಮಾವನೇ ಕೇಳಿದರು: "ದಿಬ್ಬಣಕ್ಕೆ ಯಾವ ಕಾರು?"

"ಅಂಬಾಸಿಡರ್. ಹಸಿರು."

"ಹಾಂ! ಎಡಬದಿಯ ಮಡ್‌ಗಾರ್ಡಲ್ಲಿ ಸಣ್ಣ ಜಜ್ಜು ಇತ್ತು. ಹೇಗುಂಟು ಈಗ?"

"ನಾನು ಆರಾಮ. ಹೆಂಡತಿಗೆ ಸ್ವಲ್ಪ ಶುಗರ್..."

"ನಿಮ್ಮನ್ನಲ್ಲ ಮಾರಾಯ್ರೆ, ಕಾರು ಹೇಗುಂಟು?"

ಇಂಥವರು ನನ್ನ ಮಾವ. ಪುತ್ತೂರಿನಲ್ಲಿ ಸ್ಟುಡಿಯೋ ಇಟ್ಟಿದ್ದರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಜನ ಪಾಸ್‌ಪೋರ್ಟ್ ಸೈಜಿಗೆ ಮಾತ್ರ ಬರತೊಡಗಿದರು, ಆಮೇಲೆ ಅದಕ್ಕೂ ಬರಲಿಲ್ಲ. ಬಾಗಿಲು ಹಾಕಿ ಕಾಣಿಯೂರಿನ ನಮ್ಮ ಮನೆಗೆ, ಅಂದರೆ ತಂಗಿಯ ಮನೆಗೆ ಬಂದರು. ಮದುವೆಯಾಗಿಲ್ಲ. ಜೊತೆಗೆ ಬಂದದ್ದು ಒಂದು ಟ್ರಂಕು, ಒಂದು ಪದ್ಮಿನಿ. ಪದ್ಮಿನಿ ಅಂದರೆ ಹೆಂಗಸಲ್ಲ, ಕಾರು. ಹೆಂಗಸಾಗಿದ್ದರೆ ಅಮ್ಮನಿಗೆ ಮಾತಿಗೊಂದು ಜನವಾದರೂ ಆಗುತ್ತಿತ್ತು!

ಕೆನೆ ಬಣ್ಣ. ಎದುರು ಎರಡು ದುಂಡು ಲೈಟು, ಹಿಂದೆ ಮೀನಿನ ರೆಕ್ಕೆಯ ಹಾಗೆ ಎದ್ದ ಎರಡು ಮೂಲೆ, ಬದಿಯಲ್ಲಿ ಉದ್ದಕ್ಕೆ ಒಂದು ಬೆಳ್ಳಿ ಪಟ್ಟಿ. ನೋಡಲು ಚಂದವೇ, ಸುಳ್ಳು ಯಾಕೆ ಹೇಳಲಿ? ಆದರೆ ಚಂದ ಕಟ್ಟಿಕೊಂಡು ನನಗೇನಾಗಬೇಕು! ನಾನು ಬ್ರಾಯ್ಲರ್ ಕೋಳಿ ಸಾಗಿಸುವ ಪಿಕಪ್ಪಿನ ಡ್ರೈವರ್. ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಬೇಕು, ಸಂಜೆ ಮನೆಗೆ ಮುಟ್ಟಿಸಬೇಕು, ಮುಗಿಯಿತು. ಪದ್ಮಿನಿಯನ್ನು ಬೆಳಿಗ್ಗೆ ದೂಡಬೇಕು. ಸಂಜೆ ಏನು ಮಾಡಬೇಕೆಂದು ಅದೇ ಹೇಳುತ್ತದೆ.

"ಸ್ಟಾರ್ಟೇ ಆಗುದಿಲ್ಲ, ಎಂತ ಕಾರು ಮಾವ ಇದು?" ಎಂದು ಒಮ್ಮೆ ಬೆವರು ಒರೆಸುತ್ತಾ ಕೇಳಿದೆ.

"ಚಂದಕ್ಕೂ ಸ್ಟಾರ್ಟಿಗೂ ಎಂತ ಸಂಬಂಧ ಮಾರಾಯ? ನೀನು ದಿನಾ ಸ್ಟಾರ್ಟ್ ಆಗ್ತಿ. ಹಾಗಂತ ಯಾರಾದ್ರೂ ನಿನ್ನನ್ನು ತಿರುಗಿ ನೋಡ್ತಾರಾ?"

ಹೊಸ ಕಾರು ಕಂಡರೆ ಅವರಿಗೆ ಆಗುವುದಿಲ್ಲ. ಎದುರಿಂದ ಬಂದ ಪ್ರತಿಯೊಂದಕ್ಕೂ ಒಂದು ತೀರ್ಪು. "ಇದಕ್ಕೆ ಹಲ್ಲುನೋವು." "ಇದು ಹೆಂಡತಿ ಹತ್ರ ಜಗಳ ಮಾಡಿ ಬಂದದ್ದು." "ಇದು ನೋಡು, ಕಣ್ಣು ಕೆಳಗೆ ಉಂಟು, ಹುಬ್ಬು ಮೇಲೆ ಉಂಟು, ಮಧ್ಯದಲ್ಲಿ ಎಂತ ಉಂಟಂತ ಮಾಡಿದವನಿಗೂ ಗೊತ್ತಿಲ್ಲ." ಮತ್ತೆ ತನ್ನ ಬಾನೆಟ್ಟಿಗೆ ಕೈ ಇಟ್ಟು, "ಇದನ್ನು ನೋಡು. ಯಾರನ್ನೂ ಹೆದರಿಸುದಿಲ್ಲ, ಯಾರಿಗೂ ಹಲ್ಲು ಕಿರಿಯುದಿಲ್ಲ. ಇಷ್ಟು ವರ್ಷ ಆಯ್ತು, ನೋಡಿದ್ರೆ ಈಗ್ಲೂ ಹೊಟ್ಟೆ ತಂಪಾಗ್ತದೆ."

ಕಾರು ನಿಲ್ಲಿಸಿದ ಮೇಲೆ ಸುಮ್ಮನೆ ಇಳಿದು ಬರುವ ಜನವಲ್ಲ. ಸ್ವಲ್ಪ ದೂರ ಹೋಗಿ ತಿರುಗಿ ನೋಡುತ್ತಾರೆ. ಮನಸ್ಸಿಗೆ ಬರದಿದ್ದರೆ ವಾಪಸು ಬಂದು ಓರೆ ಮಾಡಿ ನಿಲ್ಲಿಸುತ್ತಾರೆ. ಹೋಟೆಲಿಗೆ ಹೋದರೆ ಕಾರು ಕಾಣುವ ಮೇಜೇ ಬೇಕು. ಆ ಮೇಜಿನಲ್ಲಿ ಯಾರಾದರೂ ಕೂತಿದ್ದರೆ ಪಕ್ಕದಲ್ಲಿ ನಿಂತು ಅವರ ಇಡ್ಲಿಯನ್ನೇ ನೋಡುತ್ತಾರೆ. ಅವರು ಬೇಗ ತಿಂದು ಏಳುತ್ತಾರೆ!

ಇಷ್ಟು ಓದಿ ನಿಮಗೆ ನಗು ಬಂದಿರಬಹುದು. ನಿಮಗೇನು, ನೀವು ಅವರ ಜೊತೆ ಹೆಣ್ಣು ನೋಡಲು ಹೋಗಿಲ್ಲ.

ನನಗೆ ಮೂವತ್ತು ದಾಟಿತು. ಹತ್ತನೇ ಕ್ಲಾಸು ಪಾಸಾಗಲಿಲ್ಲ, ಪುನಃ ಕಟ್ಟಲೂ ಇಲ್ಲ. ಈಗ ನಮ್ಮ ಕಡೆ ನನ್ನಂಥವರಿಗೆ ಹೆಣ್ಣು ಸಿಗುವುದು ಹೇಗೆ ಅಂತ ಗೊತ್ತಲ್ಲ? ಅಮ್ಮ ಫೋನ್ ಮಾಡುತ್ತಾರೆ. ಆಚೆಯಿಂದ "ಹುಡುಗ ಎಂತ ಮಾಡುದು?" ಅಂತ ಬರುತ್ತದೆ. "ಸ್ವಂತ ಪಿಕಪ್ ಉಂಟು." "ಪಿಕಪ್ಪಲ್ಲಿ ಎಂತ ಹಾಕುದು?" "ಕೋಳಿ." ಅಲ್ಲಿಗೆ ಫೋನಿಗೆ ನೆಟ್‌ವರ್ಕ್ ಹೋಗುತ್ತದೆ. ಭಾನುವಾರ ಅದೇ ಕೋಳಿಯನ್ನು ಸುಕ್ಕ ಮಾಡಿ ತಿನ್ನುವಾಗ ಯಾವನಿಗೂ ವಾಸನೆ ಇಲ್ಲ. ತಂದು ಕೊಟ್ಟವನಿಗೆ ಮಾತ್ರ ವಾಸನೆ!

ಫೋನ್ ಕಟ್ ಮಾಡದೆ "ಬನ್ನಿ, ನೋಡುವ" ಎನ್ನುವವರು ಅಪರೂಪ. ಅಂಥ ಮನೆಗೆ ಹೋಗುವಾಗ ಸೋದರಮಾವ ಮುಂದೆ ಇರಬೇಕು. ನನಗೆ ಅಪ್ಪನೂ ಇಲ್ಲ, ಆದ್ದರಿಂದ ಎಲ್ಲ ಮಾತೂ ಅವರದೇ. ಹುಡುಗ ಬಾಯಿ ಮುಚ್ಚಿ ಕೂರಬೇಕು. ಬೇಕು, ಬೇಡ ಎನ್ನುವುದನ್ನೂ ಹುಡುಗನ ಎದುರು ಹೇಳುವ ಕ್ರಮವಿಲ್ಲ. ಹೆಣ್ಣಿನ ಅಪ್ಪ ಸೋದರಮಾವನನ್ನು ಬದಿಗೆ ಕರೆದು ಹೇಳುತ್ತಾನೆ. ಹೀಗೆ ನನ್ನ ಇಡೀ ಜೀವಮಾನವನ್ನು ಕಾರಿನ ಮುಖ ನೋಡುವವರ ಕೈಗೆ ಕೊಟ್ಟಾಯಿತು.

ಮೊದಲು ರಾಮಕುಂಜದ ಕಡೆಯ ಒಂದು ಮನೆ. ಪದ್ಮಿನಿ ಅಂಗಳದಲ್ಲಿ ನಿಂತದ್ದೇ ತಡ, ಮನೆಯಲ್ಲಿದ್ದವರೆಲ್ಲ ಹೊರಗೆ. ಫೋಟೋ ಏನು, ಸೆಲ್ಫಿ ಏನು! ಹುಡುಗಿಯ ಅಜ್ಜಿ ಹಿಂದಿನ ಸೀಟಿನಲ್ಲಿ ಹೋಗಿ ಕೂತರು. "ನಾನು ಮದುವೆಯಾಗಿ ಬಂದದ್ದು ಇಂಥದ್ದರಲ್ಲೇ" ಎಂದು ಕಣ್ಣು ಒರೆಸಿಕೊಂಡರು, ಇಳಿಯಲಿಲ್ಲ. ಚಾ ಅಲ್ಲಿಗೇ ತರಿಸಿದರು. ನಾನು ಇಸ್ತ್ರಿ ಹಾಕಿದ ಅಂಗಿಯಲ್ಲಿ ಜಗಲಿಯ ಮೇಲೆ ಒಬ್ಬನೇ ಕೂತಿದ್ದೆ. ನಾಯಿ ಬಂದು ಮೂಸಿತು. ಅದಕ್ಕೆ ಮಾತ್ರ ನನ್ನ ಮೇಲೆ ಆಸಕ್ತಿ, ಕೋಳಿಯ ದೆಸೆಯಿಂದ. ಹುಡುಗಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಅದಕ್ಕೆ ಪೆಟ್ರೋಲ್ ತುಂಬಾ ಬೇಕಾ?"

ಮನೆಗೆ ಬಂದ ಮೇಲೆ ಮಾವ ಹೇಳಿದರು: "ಅವರಿಗೆ ಕಾರು ತುಂಬಾ ಇಷ್ಟ ಆಯ್ತಂತೆ."

"ನಾನು?"

"ಕಾರಿನ ಎದುರು ನೀನು ಕಾಣ್ಲಿಲ್ಲಂತೆ. ನನ್ನದೇ ತಪ್ಪು, ಓರೆ ನಿಲ್ಲಿಸ್ಬಾರದಿತ್ತು."

ನಾನು ಎರಡು ದಿನ ಬೈದೆ.

ಆಮೇಲೆ ಕಡಬದ ಹತ್ತಿರ ಇನ್ನೊಂದು ಮನೆ. ಅಲ್ಲಿ ಎಲ್ಲ ಸರಿಯಾಗಿತ್ತು. ಹುಡುಗಿ ನಕ್ಕಳು ಕೂಡ. ಹಿರಿಯರು ಒಳಗೆ ಹೋಗಿ ಏನೋ ಮಾತಾಡಿ ಹೊರಗೆ ಬಂದರು. ಅಂಗಳದಲ್ಲಿ ಹುಡುಗಿಯ ಅಣ್ಣನ ಹೊಸ ಕಾರು ನಿಂತಿತ್ತು. ಮಾವ ಅದರ ಎದುರು ನಿಂತು, ಸತ್ತವರ ಮನೆಗೆ ಬಂದವರ ಹಾಗೆ ಮೆಲ್ಲ ಕೇಳಿದರು: "ಅಯ್ಯೋ, ಎಂತ ಆಯ್ತು ಇದಕ್ಕೆ? ಎದುರಿಂದ ಬಸ್ ಗುದ್ದಿದ್ದಾ?"

"ಇಲ್ಲಲ್ಲ! ಹೊಸತು. ಕಂಪೆನಿಯಿಂದಲೇ ಹಾಗೆ ಬರುದು," ಎಂದ ಅಣ್ಣ.

"ಹಾಗಾದ್ರೆ ಒಮ್ಮೆ ಗುದ್ದಿಸಿ ನೋಡಿ. ಸರಿಯಾದ್ರೂ ಆದೀತು."

ನಮ್ಮನ್ನು ಗೇಟಿನವರೆಗೆ ಬಿಡಲೂ ಯಾರೂ ಬರಲಿಲ್ಲ. ಪದ್ಮಿನಿ ಬೇರೆ ಸ್ಟಾರ್ಟ್ ಆಗಲಿಲ್ಲ. ಅವಮಾನವಾದ ಮನೆಯ ಅಂಗಳದಿಂದ ಕಾರು ದೂಡಿಕೊಂಡು ಹೋಗುವುದು ಹೇಗಿರುತ್ತದೆ ಅಂತ ನನ್ನನ್ನು ಕೇಳಿ. ಈ ಸಲ ಎಷ್ಟು ದಿನ ಬೈದೆನೋ ಲೆಕ್ಕವಿಲ್ಲ. ಮಾವ ಚಾಪೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಮಧ್ಯೆ ಮಧ್ಯೆ "ಹೌದು", "ಅದೂ ಸರಿ" ಎಂದು ಸೇರಿಸಿದರು. ಅಮ್ಮ, "ಬಿಡು, ಅವ ನಿನ್ನ ಮಾವ ಅಲ್ವಾ?" ಎಂದರು. ನನಗೆ ಹೆಣ್ಣು ಬೇಕಾದದ್ದು, ಮಾವ ಈಗಾಗಲೇ ಒಬ್ಬರು ಇದ್ದಾರಲ್ಲ!

ಕಲ್ಲುಗುಂಡಿಯಿಂದ ಸಂಬಂಧ ಬಂದಾಗ ನಾನು ಕಂಡೀಷನ್ ಹಾಕಿದೆ. ಪದ್ಮಿನಿ ಬರುವುದಿಲ್ಲ, ಗೆಳೆಯನ ಹೊಸ ಕಾರು ತರುತ್ತೇನೆ, ನಾನೇ ಓಡಿಸುತ್ತೇನೆ. ಮತ್ತೆ ಆ ಮನೆಯಲ್ಲಿ ಕಾರು ಎಂಬ ಶಬ್ದ ನಿಮ್ಮ ಬಾಯಿಂದ ಬರಬಾರದು. ಮಾವ ಅಮ್ಮನ ತಲೆ ಮುಟ್ಟಿ ಆಣೆ ಹಾಕಿದರು. ಅಮ್ಮನಿಗೆ ಮಂಡಿ ನೋವು, ನಾವಿಬ್ಬರೇ ಹೊರಟೆವು. ಗೆಳೆಯನ ಕಾರಿನ ಹಿಂದಿನ ಸೀಟಿನಲ್ಲಿ ಮಾವ ಆಸ್ಪತ್ರೆಗೆ ಹೊರಟವರ ಹಾಗೆ ಕೂತರು. ಸುಳ್ಯ ದಾಟುವವರೆಗೆ ಮಾತಿಲ್ಲ. ಆಮೇಲೆ ಒಂದೇ ಮಾತು: "ಇದರ ಒಳಗೆ ಕೂತ್ರೆ ಇದರ ಮುಖ ಕಾಣುದಿಲ್ಲ. ಅಷ್ಟು ಉಪಕಾರ."

ಕಲ್ಲುಗುಂಡಿಯ ಆ ಮನೆಯ ಅಂಗಳಕ್ಕೆ ತಿರುಗಿಸಿದೆ. ನನ್ನ ಗ್ರಹಚಾರ ನೋಡಿ! ಶೀಟಿನ ಮಾಡಿನ ಕೆಳಗೆ ಒಂದು ಕಪ್ಪು ಕಾಂಟೆಸ್ಸಾ ನಿಂತಿದೆ. ಉದ್ದದ ಬಾನೆಟ್ಟು, ಎದುರು ಜೋಡಿ ಜೋಡಿ ದುಂಡು ಲೈಟು, ಸ್ಕೇಲ್ ಇಟ್ಟು ಎಳೆದ ಹಾಗೆ ಬದಿಯ ಗೆರೆ. ಒಂದು ಗೀರು ಇಲ್ಲ. ಪದ್ಮಿನಿ ಮನೆಯ ಮಗಳಾದರೆ ಕಾಂಟೆಸ್ಸಾ ಅರಮನೆಯ ರಾಣಿ ಅಂತ ಮಾವ ಯಾವಾಗಲೂ ಹೇಳುವುದು. ನನಗೇ ಒಂದು ಗಳಿಗೆ ಕಣ್ಣು ಕೀಳಲು ಆಗಲಿಲ್ಲ, ಇನ್ನು ಅವರ ಕಥೆ! ಕೈ ಹಿಂದೆ ಕಟ್ಟಿಕೊಂಡು ಸುತ್ತ ಒಂದು ಪ್ರದಕ್ಷಿಣೆ ಬಂದರು. ಬಾಯಿ ತೆರೆದರು. ನನ್ನ ಮುಖ ನೋಡಿದರು. ಮುಚ್ಚಿದರು.

"ತಂದೆಯ ಕಾಲದ್ದು," ಎಂದರು ಹುಡುಗಿಯ ಅಪ್ಪ. "ಕೊಡಲಿಕ್ಕೆ ಮನಸ್ಸಿಲ್ಲ."

ಮಾವ ತಲೆ ಆಡಿಸಿದರು ಅಷ್ಟೇ.

ಒಳಗೆ ಹುಡುಗಿ ಚಾ ತಂದಳು. ಕೋಳಿಯ ವಾಸನೆಯ ಬಗ್ಗೆ ಕೇಳಲಿಲ್ಲ. "ಬೆಳಿಗ್ಗೆ ಅಷ್ಟು ಬೇಗ ಹೊರಡುವಾಗ ತಿಂಡಿ ಎಲ್ಲಿ ತಿನ್ನುದು ನೀವು?" ಎಂದಳು. ಇಷ್ಟು ಮನೆಯಲ್ಲಿ ಒಬ್ಬರೂ ಕೇಳದ ಮಾತು. "ಸಿಕ್ಕಿದ ಕಡೆ" ಎಂದೆ. "ಸಿಕ್ಕದಿದ್ರೆ?" ಎಂದಳು. ಕೋಳಿ ಲೋಡು ಮಾಡುವಾಗ ಕೂಡ ನನ್ನ ಎದೆ ಹಾಗೆ ಹೊಡೆದುಕೊಂಡದ್ದಿಲ್ಲ. ಇವಳೇ ಆಗಲಿ ಅಂತ ಅಲ್ಲೇ ಮನಸ್ಸಿನಲ್ಲಿ ಹೇಳಿಕೊಂಡೆ.

ಕೈ ತೊಳೆಯಲು ಹಿಂದಿನ ನಲ್ಲಿಯ ಹತ್ತಿರ ಹೋದೆ. ಗೋಡೆಯ ಆಚೆ ಹುಡುಗಿಯ ಅಪ್ಪನ ಸ್ವರ.

"ಹುಡುಗ ಒಳ್ಳೆಯವನೇ. ಆದ್ರೆ ಹತ್ತನೇ ಕ್ಲಾಸೂ ಆಗ್ಲಿಲ್ಲ ಅಂತ ನಮಗೆ ಈಗ ಗೊತ್ತಾದದ್ದು. ಹುಡುಗಿ ಎಮ್ಕಾಂ ಓದಿದ್ದು. ಅವಳೇ ಬೇಡ ಹೇಳಿದ್ಳು. ಬೇಜಾರು ಮಾಡ್ಬೇಡಿ."

ಆಮೇಲೆ ಮಾವ ಹೇಳಿದರು: "ನನಗೆ ಒಂದು ಉಪಕಾರ ಮಾಡಿ. ನಾನೀಗ ಅಂಗಳಕ್ಕೆ ಹೋಗಿ ನಿಮ್ಮ ಕಾರಿಗೆ ಬೈತೇನೆ. ನೀವು ಸಿಟ್ಟು ಮಾಡಿ ನಮ್ಮನ್ನು ಓಡಿಸ್ಬೇಕು."

"ಎಂತಕ್ಕೆ ಮಾರಾಯ್ರೆ?"

"ನನ್ನಿಂದ ತಪ್ಪಿಹೋಯ್ತು ಅಂತಾದ್ರೆ ಅವ ನನಗೆ ಬೈತಾನೆ. ಬೈದು ಬೈದು ಹಸಿವಾಗಿ ಊಟ ಮಾಡ್ತಾನೆ. ತನ್ನಿಂದಲೇ ಅಂತ ಗೊತ್ತಾದ್ರೆ ಊಟ ಬಿಡ್ತಾನೆ. ಮೊದಲೊಮ್ಮೆ ಫೋನಲ್ಲೇ ಬೇಡ ಅಂದಾಗ ಹಾಗೆ ಆಗಿದೆ, ತಂಗಿ ಹೆದರಿದ್ಳು. ಅಂದಿನಿಂದ ನಾನು ಹೀಗೇ ಮಾಡುದು."

ನಲ್ಲಿಯಲ್ಲಿ ನೀರು ಹೋಗುತ್ತಲೇ ಇತ್ತು. ನಿಲ್ಲಿಸಿದರೆ ನಾನು ಅಲ್ಲಿರುವುದು ಗೊತ್ತಾಗುತ್ತದೆ. ಹಾಗೇ ಬಿಟ್ಟು ಅಂಗಳಕ್ಕೆ ಬಂದೆ.

ಮಾವ ಕಾಂಟೆಸ್ಸಾದ ಎದುರು ನಿಂತಿದ್ದರು. ಬೈಯಬೇಕಲ್ಲ, ಎಲ್ಲಿಂದ ಶುರು ಮಾಡುವುದು? ಬಾನೆಟ್ಟು ನೋಡಿದರು, ಲೈಟು ನೋಡಿದರು, ಹಿಂದೆ ಹೋಗಿ ಡಿಕ್ಕಿ ನೋಡಿದರು. ಊರಿನ ಎಲ್ಲ ಕಾರಿಗೂ ಹೆಸರಿಟ್ಟ ಬಾಯಿಗೆ ಇಲ್ಲಿ ಒಂದು ಶಬ್ದ ಸಿಗಲಿಲ್ಲ. ಕಾರಿನ ವಿಷಯದಲ್ಲಿ ಜನ್ಮದಲ್ಲಿ ಒಂದು ಸುಳ್ಳು ಹೇಳಿದವರಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡೇ ಕೂಗಿದರು: "ಇದನ್ನು ಕಾರು ಅಂತ ಹೇಳುದಾ? ಹೆಣದ ಪೆಟ್ಟಿಗೆಗೆ ಚಕ್ರ ಇಟ್ಟ ಹಾಗೆ ಉಂಟು! ಇದನ್ನು ಇಟ್ಟುಕೊಂಡ ಮನೆಯ ಹೆಣ್ಣು ನಮಗೆ ಬೇಡ!"

ಬಾಯಿ ಅದನ್ನು ಹೇಳುತ್ತಿತ್ತು, ಬಲಗೈ ಬಾನೆಟ್ಟನ್ನು ಸವರುತ್ತಿತ್ತು.

ಹುಡುಗಿಯ ಅಪ್ಪ ಪಾಪ, ನಾಟಕ ಗೊತ್ತಿಲ್ಲದ ಮನುಷ್ಯ. "ಹೌದಾ? ಹಾಗಾದ್ರೆ... ಹಾಗಾದ್ರೆ ಹೊರಡಿ ನೀವು! ಹೋಗಿ!" ಎಂದು ಕೂಗಿದರು. ಮತ್ತೆ ಸ್ವರ ತಗ್ಗಿಸಿ, "ತಿರುವಲ್ಲಿ ನಿಧಾನ ಹೋಗಿ ಆಯ್ತಾ, ಲಾರಿ ಬರ್ತದೆ" ಎಂದರು.

ಹೊರಟೆವು. ಹಿಂದಿನ ಸೀಟಿನಿಂದ ಮಾವ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ನಾನು ಸುಮ್ಮನಿದ್ದಷ್ಟೂ ಅವರ ಮುಖ ಸಣ್ಣದಾಗುತ್ತಾ ಹೋಯಿತು. "ಎಂತ, ಇವತ್ತು ಬೈಯುದಿಲ್ವಾ?" ಎಂದರು ಮೆಲ್ಲಗೆ.

ಬೈದೆ. "ನಿಮ್ಮ ಬಾಯಿಗೆ ಬೆಂಕಿ ಬೀಳ್ಲಿಕ್ಕೆ! ಆಣೆ ಹಾಕಿ ಬಂದದ್ದಲ್ವಾ ನೀವು? ನಿಮ್ಮಿಂದಲೇ ಹೋಯ್ತು, ನಿಮ್ಮೊಬ್ಬರಿಂದಲೇ ಹೋಯ್ತು!" ಸುಳ್ಯದವರೆಗೆ ಬಿಡದೆ ಬೈದೆ. ಮಾವ ಒರಗಿ ಕೂತು, ಕಾಲು ಚಾಚಿ, "ಹೌದು. ಅದೂ ಸರಿ" ಎನ್ನುತ್ತಾ ಬಂದರು.

ಸುಳ್ಯದಲ್ಲಿ ಹೋಟೆಲಿನ ಎದುರು ನಿಲ್ಲಿಸಿದೆ. ಗೋಳಿಬಜೆ ಬಂತು. ಮಾವ ತನ್ನ ಪ್ಲೇಟು ಮುಟ್ಟದೆ ನನ್ನ ಕೈಯನ್ನೇ ನೋಡುತ್ತಿದ್ದರು. ಒಂದು ಬಾಯಿಗೆ ಹಾಕಿಕೊಂಡೆ. ಮಣ್ಣು ತಿಂದ ಹಾಗೆ. ನೀರು ಕುಡಿದು ದೂಡಿದೆ. ಇನ್ನೊಂದು ಹಾಕಿಕೊಂಡೆ. ಪ್ಲೇಟು ಖಾಲಿಯಾಗುವವರೆಗೆ ತಿಂದೆ. ಆಮೇಲೆ ಅವರಿಗೆ ಕೇಳುವ ಹಾಗೆ ದೊಡ್ಡ ಸ್ವರದಲ್ಲಿ ಸಪ್ಲೈಯರನ್ನು ಕರೆದು, "ಇನ್ನೊಂದು ಪ್ಲೇಟ್ ತನ್ನಿ" ಎಂದೆ.